ನನ್ನ ಮೂಗು ಸರಿಯಾಗಿದೆ, ನಿಮ್ಮ ಬಾಟಲಿ ನೋಡಿಕೊಳ್ಳಿ

ಗೆ,
ಗ್ರಾಹಕ ಸೇವಾ ವಿಭಾಗ ಮತ್ತು ಸುಗಂಧ ತಯಾರಕರು

ವಿಷಯ: ಸ್ಯಾಂಪಲ್‌ನಲ್ಲಿ ಒಂದು, ಬಾಟಲಿಯಲ್ಲಿ ಇನ್ನೊಂದು ಕಳಿಸಿದ ಚಹಾ ಪರ್ಫ್ಯೂಮ್ ಬಗ್ಗೆ ದೂರು

ಮಾನ್ಯರೇ,

ನಿನ್ನೆ ನಿಮ್ಮಿಂದ ಒಂದು ಇಮೇಲ್ ಬಂತು. "ನಿಮ್ಮ ದೂರನ್ನು ತೃಪ್ತಿಕರವಾಗಿ ಬಗೆಹರಿಸಲಾಗಿದೆ" ಅಂತ. ತೃಪ್ತಿ ಯಾರಿಗಾಯಿತು ಅಂತ ಮಾತ್ರ ಬರೆದಿರಲಿಲ್ಲ. ಕೆಳಗೆ ಐದು ನಕ್ಷತ್ರ ಕೊಟ್ಟು ಪ್ರೋತ್ಸಾಹಿಸಿ ಅಂತ ಬೇರೆ ಕೇಳಿದ್ದೀರಿ. ಫೋನಿನಲ್ಲಿ ಮರ್ಯಾದೆಯಿಂದ ಮಾತಾಡುವಷ್ಟು ಮಾತಾಡಿ ಆಯಿತು. ಇನ್ನು ಬರವಣಿಗೆಯಲ್ಲೇ ಇರಲಿ. ಈಗಲೂ ಸಮಾಧಾನದಿಂದ ಬರೆಯಬೇಕು ಅಂತಲೇ ಕೂತಿದ್ದೇನೆ.

ವಿಷಯ ಚಿಕ್ಕದು. ನೀವು ಕೈಯಲ್ಲೇ, ಸಣ್ಣ ಸಣ್ಣ ಬ್ಯಾಚ್‌ಗಳಲ್ಲಿ ಮಾಡುವ ಹೊಗೆ ಚಹಾದ ಪರ್ಫ್ಯೂಮ್‌ನ ಸ್ಯಾಂಪಲ್ ತರಿಸಿದೆ. ತುಂಬಾ ಇಷ್ಟವಾಯಿತು. ಸ್ಯಾಂಪಲ್ ಅರ್ಧ ಉಳಿದಿರುವಾಗಲೇ ದೊಡ್ಡ ಬಾಟಲಿ ತರಿಸಿದೆ. ಹೆಸರು ಅದೇ, ಡಬ್ಬಿಯ ಚಿತ್ರ ಅದೇ, ಒಳಗಿರುವುದು ಮಾತ್ರ ಅದಲ್ಲ.

ಸ್ಯಾಂಪಲ್ ಹೇಗಿತ್ತು ಅಂತ ಹೇಳುತ್ತೇನೆ, ನಿಮಗೂ ಮರೆತಿರಬಹುದು. ಮೊದಲು ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯ ಚುರುಕು. ಅದು ಬೇಗ ಹಾರಿಹೋಗುತ್ತದೆ, ಅದರ ಸ್ವಭಾವವೇ ಅಷ್ಟು. ಆಮೇಲೆ ಬಿಸಿನೀರು ಬಿದ್ದು ಸುರುಳಿ ಬಿಚ್ಚಿಕೊಂಡ ಎಲೆಯ ಒಗರು ವಾಸನೆ, ಜೊತೆಗೆ ತೆಳ್ಳಗೆ ಒಂದು ಹೂವಿನ ಎಳೆ. ಗಂಟೆಗಟ್ಟಲೆ ಕಳೆದ ಮೇಲೆ ಬಟ್ಟೆಯಲ್ಲಿ ಹೊಗೆ. ಕೆಮ್ಮು ಬರುವಂಥ ಹೊಗೆಯಲ್ಲ, ಇದೆಯೋ ಇಲ್ಲವೋ ಅಂತ ಮತ್ತೆ ಮೂಸಿ ನೋಡುವಂಥದ್ದು. ಚೀನಾದ ಫುಜಿಯಾನ್ ಪ್ರಾಂತ್ಯದ ವುಯಿ ಬೆಟ್ಟಗಳಲ್ಲಿ ಪೈನ್ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸುವ ಲ್ಯಾಪ್ಸಾಂಗ್ ಸೂಚಾಂಗ್ ಚಹಾವೇ ಇದಕ್ಕೆ ಸ್ಫೂರ್ತಿ ಅಂತ ನಿಮ್ಮ ಕಾರ್ಡಿನಲ್ಲಿದೆ. ಸ್ಯಾಂಪಲ್ ಆ ಮಾತು ಉಳಿಸಿಕೊಂಡಿತ್ತು.

ಬಾಟಲಿಯಲ್ಲೂ ಬರ್ಗಮಾಟ್ ಇದೆ. ಅದು ಹೋದ ಮೇಲೆ ಬರೀ ಸಿಹಿ. ಎಲೆ ಇಲ್ಲ, ಹೊಗೆ ಇಲ್ಲ. ಹಾಕಿಕೊಂಡರೆ ಬೇಕರಿಯ ಬಾಗಿಲಲ್ಲಿ ನಿಂತ ಹಾಗಾಗುತ್ತದೆ. ಬೇಕರಿ ಬಗ್ಗೆ ನನಗೆ ದ್ವೇಷ ಇಲ್ಲ. ನಾನು ದುಡ್ಡು ಕೊಟ್ಟದ್ದು ಚಹಾಕ್ಕೆ, ಅಷ್ಟೇ.

ಕೈಯಲ್ಲಿ ಮಾಡಿದ್ದು ಪ್ರತಿ ಸಲ ಸ್ವಲ್ಪ ಬೇರೆಯಾಗುತ್ತದೆ ಅಂತ ನೀವು ಹೇಳುವ ಮೊದಲೇ ಒಪ್ಪುತ್ತೇನೆ. ಗಿಡದಿಂದ ತೆಗೆದ ಎಣ್ಣೆ ಆಯಾ ವರ್ಷದ ಬೆಳೆಯ ಮೇಲೆ ಬದಲಾಗುತ್ತದೆ. ಆದರೆ ದಯವಿಟ್ಟು ನಿಮ್ಮದೇ ಡಬ್ಬಿಯ ಹಿಂಭಾಗ ತಿರುಗಿಸಿ ನೋಡಿ. ಅಲರ್ಜಿ ತರಬಹುದಾದ ಪರಿಮಳ ವಸ್ತುಗಳ ಪಟ್ಟಿ ಇದೆ. ಮೈಮೇಲೆ ಹಚ್ಚಿಕೊಂಡು ಬಿಡುವ ವಸ್ತುವಿನಲ್ಲಿ ಇವು ಶೇ. 0.001 ದಾಟಿದರೆ ಹೆಸರು ಅಚ್ಚು ಹಾಕಬೇಕು ಎಂಬುದು ಯುರೋಪಿನ ನಿಯಮ. ಅದನ್ನು ಪಾಲಿಸುತ್ತೇವೆ ಅಂತ ನೀವೇ ಹೆಮ್ಮೆಯಿಂದ ಬರೆದುಕೊಂಡಿದ್ದೀರಿ. ಸ್ಯಾಂಪಲ್ ಕಾರ್ಡಿನಲ್ಲಿ ಇರುವುದು ಲಿನಲೂಲ್, ಲಿಮೋನೀನ್, ಜೆರಾನಿಯೋಲ್, ಸಿಟ್ರಾಲ್. ಬಾಟಲಿಯ ಡಬ್ಬಿಯಲ್ಲಿ ಇಷ್ಟರ ಜೊತೆಗೆ ಕೂಮರಿನ್. ಟೋಂಕಾ ಬೀಜದಲ್ಲಿರುವ, ಒಣಹುಲ್ಲಿನ ಹಾಗೆ ಸಿಹಿ ವಾಸನೆಯ ವಸ್ತು. ಇದನ್ನೂ ನಿಮಗೆ ನಾನೇ ಹೇಳಿಕೊಡಬೇಕಾ? ಮಳೆ ಜಾಸ್ತಿಯಾದರೆ ಬರ್ಗಮಾಟ್ ಬದಲಾಗಬಹುದು. ಮಳೆಯಲ್ಲಿ ಕೂಮರಿನ್ ಉದುರುವುದಿಲ್ಲ.

ಸೂತ್ರ ಬದಲಾದಾಗ ಏನು ಮಾಡಬೇಕು ಅಂತ ನಿಮ್ಮ ಮಾರಾಟದ ಷರತ್ತುಗಳಲ್ಲೇ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದವರು ನೀವೇ.

ಬಾಟಲಿ ಬಂದ ಕೂಡಲೇ ಫೋನ್ ಮಾಡಿದ್ದೆ. "ಹೊಸ ಬ್ಯಾಚ್ ಮೇಡಂ, ಇನ್ನೂ ಹದಕ್ಕೆ ಬಂದಿಲ್ಲ. ಕತ್ತಲಲ್ಲಿ ಆರು ವಾರ ಇಡಿ" ಅಂದರು. ಆಲ್ಕೋಹಾಲಿನ ಜೊತೆ ಎಣ್ಣೆಗಳು ಹೊಂದಿಕೊಳ್ಳಲು ವಾರಗಟ್ಟಲೆ ಬೇಕು, ನಿಜ. ಅದು ನಿಮ್ಮ ಗೋದಾಮಿನಲ್ಲಿ ಆಗಬೇಕಾದ ಕೆಲಸ, ನನ್ನ ಕಪಾಟಿನಲ್ಲಲ್ಲ. ಆದರೂ ನಂಬಿ ಇಟ್ಟೆ. ಮತ್ತೆ ಫೋನ್ ಮಾಡಿದಾಗ ಸಿಕ್ಕ ಉತ್ತರ: "ವಾಪಸ್ ಕಳಿಸಲು 30 ದಿನ ಮಾತ್ರ ಮೇಡಂ, ಅವಧಿ ದಾಟಿದೆ." ಆರು ವಾರ ಅಂದರೆ 42 ದಿನ. ಈ ಲೆಕ್ಕಕ್ಕೆ ಸುಗಂಧ ವಿದ್ಯೆ ಬೇಕಾಗಿಲ್ಲ.

ಆಮೇಲೆ ದೊಡ್ಡ ಮನಸ್ಸು ಮಾಡಿ "ಉಚಿತ ಪರಿಮಳ ಸಮಾಲೋಚನೆ" ಅಂತ ವಿಡಿಯೋ ಕರೆ ಇಟ್ಟಿರಿ. ಅದರ ಬಗ್ಗೆ ವಿವರವಾಗಿಯೇ ಬರೆಯಬೇಕು.

ನಿಮ್ಮ ಕಡೆ ಮೂವರು. ಗ್ರಾಹಕ ಸೇವೆಯವರು, ಸುಮ್ನೆ ಬರೆದುಕೊಳ್ಳುತ್ತಿದ್ದ ಒಬ್ಬರು, ಮತ್ತು ಸ್ವತಃ ತಯಾರಕರು. ಈ ಕಡೆ ನಾನೊಬ್ಬಳೇ, ಎರಡು ಸೀಸೆ ಇಟ್ಟುಕೊಂಡು. ಮೊದಲ ಪ್ರಶ್ನೆ, "ನೆಗಡಿ ಇದೆಯಾ?" ಇಲ್ಲ ಅಂದೆ. "ಯಾವ ಸೋಪು?" ಹೇಳಿದೆ. "ಬಟ್ಟೆಗೆ?" ಅದನ್ನೂ ಹೇಳಿದೆ. "ಬೆಳಿಗ್ಗೆಯಿಂದ ಏನು ತಿಂದಿರಿ?" ಹೇಳಿದೆ. "ವಯಸ್ಸು?" ಅಂದರು. ವಯಸ್ಸು ಯಾಕೆ ಅಂತ ಕೇಳಿದರೆ, "ವಯಸ್ಸಾದಂತೆ ಮೂಗು ಮಂದವಾಗುತ್ತೆ ಅಲ್ವಾ ಮೇಡಂ" ಅಂದರು. ಅದನ್ನೂ ಹೇಳಿದೆ. ಬರೆದುಕೊಳ್ಳುವವರು ಎರಡನೇ ಸಲ ಕೇಳಿ ಬರೆದುಕೊಂಡರು.

ಆಮೇಲೆ ಕಾಫಿ. "ಮೂಗು ದಣಿದಿರುತ್ತೆ, ಕಾಫಿ ಬೀಜ ಮೂಸಿ ಬನ್ನಿ" ಅಂದರು. ಬೀಜ ಇರಲಿಲ್ಲ, ಪುಡಿಯ ಡಬ್ಬಿ ತಂದೆ. "ಇನ್ನೂ ಹತ್ತಿರ ಹಿಡಿಯಿರಿ, ಕ್ಯಾಮೆರಾ ಮುಂದೆ" ಅಂದರು. ಡಬ್ಬಿಯೊಳಗೆ ಮೂಗು ಇಟ್ಟು ಕೂತೆ. ಪರದೆಯಲ್ಲಿ ನನ್ನ ಮುಖದ ಬದಲು ಡಬ್ಬಿ ಕಾಣುತ್ತಿತ್ತು. ನಿಮ್ಮವರೊಬ್ಬರ ಭುಜ ಕುಲುಕಿತು, ತಕ್ಷಣ ಅವರ ಕ್ಯಾಮೆರಾ ಆಫ್ ಆಯಿತು. ಅಂದ ಹಾಗೆ, ಕಾಫಿ ಮೂಸಿದರೆ ಬರೀ ಗಾಳಿಗಿಂತ ಹೆಚ್ಚಿನ ಉಪಯೋಗ ಇಲ್ಲ ಅಂತ ಪ್ರಯೋಗ ಮಾಡಿ ನೋಡಿದವರಿದ್ದಾರೆ. ಪರಿಮಳದ ವ್ಯಾಪಾರದಲ್ಲಿರುವವರಿಗೆ ಗೊತ್ತಿರಬಹುದು ಅಂದುಕೊಂಡಿದ್ದೆ.

"ದಿನಾ ಯಾವ ಟೀ ಕುಡಿಯುತ್ತೀರಿ?" ಅಂತ ತಯಾರಕರು ಕೇಳಿದರು. ಟೀ ಬ್ಯಾಗ್ ಅಂದೆ. "ಓಹ್" ಅಂದರು. ಅಷ್ಟೇ. ಆ "ಓಹ್" ಆದಮೇಲೆ ಎಲ್ಲರೂ ನನ್ನ ಹತ್ತಿರ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡಲು ಶುರು ಮಾಡಿದರು.

ಮುಂದೆ ಪಾಠ. ಝಾನ್ ಕ್ಲೋದ್ ಎಲೆನಾ ಎಂಬ ಫ್ರೆಂಚ್ ಸುಗಂಧ ತಯಾರಕರು 1992ರಲ್ಲಿ ಬುಲ್ಗರಿ ಕಂಪನಿಗೆ ಹಸಿರು ಚಹಾದ ಪರಿಮಳ ಮಾಡಿಕೊಟ್ಟರಂತೆ, ಚಹಾದ ಪರ್ಫ್ಯೂಮ್‌ಗಳಿಗೆ ಅದೇ ದಾರಿ ಮಾಡಿತಂತೆ, ಚಹಾದ ಭಾವನೆಯನ್ನು ಹೆಡಿಯೋನ್, ಅಯೋನೋನ್‌ನಂಥ ಪರಿಮಳ ರಾಸಾಯನಿಕಗಳಿಂದಲೇ ಕಟ್ಟುತ್ತಾರಂತೆ. ಬಾಟಲಿಯಲ್ಲಿ ಟೀ ಪುಡಿ ಹುಡುಕಬಾರದಂತೆ. ನಾನು ಹುಡುಕಿರಲಿಲ್ಲ. ಸ್ಯಾಂಪಲ್‌ನಲ್ಲಿ ಇದ್ದದ್ದನ್ನು ಬಾಟಲಿಯಲ್ಲಿ ಹುಡುಕುತ್ತಿದ್ದೆ.

ಕೊನೆಗೆ ರೋಗ ಪತ್ತೆಯಾಯಿತು. "ಬೀಟಾ ಅಯೋನೋನ್ ವಾಸನೆ ಕೆಲವರಿಗೆ ಹುಟ್ಟಿನಿಂದಲೇ ಸರಿಯಾಗಿ ತಿಳಿಯುವುದಿಲ್ಲ ಮೇಡಂ. ಜೀನ್‌ನಲ್ಲೇ ಇರುತ್ತೆ. ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಇದೆಯಾ?" ವಿಜ್ಞಾನ ಸರಿಯೇ, ಅಂಥ ಜೀನ್ ವ್ಯತ್ಯಾಸ ಇರುವುದು ನಿಜ. ಆದರೆ ಸ್ಯಾಂಪಲ್ ಮೂಸಿದ್ದೂ ಇದೇ ಮೂಗು. ಚಿಕ್ಕ ಸೀಸೆಯಲ್ಲಿ ಎಲೆ ಗೊತ್ತಾದ ಮೂಗಿಗೆ ದೊಡ್ಡ ಸೀಸೆ ಹತ್ತಿರ ಬಂದ ಕೂಡಲೇ ವಂಶದ ದೋಷ ತಗಲಿಕೊಂಡಿತಾ? ಇಷ್ಟೇ ಕೇಳಿದೆ. ಯಾರೂ ಮಾತಾಡಲಿಲ್ಲ. ಆಮೇಲೆ ಗ್ರಾಹಕ ಸೇವೆಯವರು, "ಪರಿಮಳ ಅನ್ನೋದು ಅವರವರ ಅನುಭವ ಮೇಡಂ" ಅಂದರು.

ಹಾಗಾದರೆ ಕೂಮರಿನ್ ಎಲ್ಲಿಂದ ಬಂತು ಅಂತ ಕೇಳಿದೆ. "ಅದು ವ್ಯಾಪಾರದ ಗುಟ್ಟು" ಅಂದರು. ಡಬ್ಬಿಯ ಮೇಲೆ ಅಚ್ಚು ಹಾಕಿಸಿದ ಗುಟ್ಟು! ಎರಡೂ ಸೀಸೆಗಳ ಬ್ಯಾಚ್ ನಂಬರ್ ಓದಿ ಹೇಳಿದೆ, ಒಂದೊಂದೇ ಅಂಕಿ. ಗ್ರಾಹಕ ಸೇವೆಯವರು ಟೈಪ್ ಮಾಡಲು ಶುರು ಮಾಡಿದರು. ತಯಾರಕರು "ಬಿಡಿ, ಈಗ ಬೇಡ" ಅಂದರು. ನಿಗದಿಯಾದ ಸಮಯ ಮುಗಿದಿದೆ ಅಂತ ಪರದೆ ಹೇಳಿತು, ಕರೆ ಮುಗಿಯಿತು. ಮುಂದಿನ ಖರೀದಿಗೆ ಶೇ. 10 ರಿಯಾಯಿತಿಯ ಕೂಪನ್ ಬಂತು. ಇದೇ ಪರ್ಫ್ಯೂಮ್ ಮೇಲೆ ಮಾತ್ರ ನಡೆಯುತ್ತದಂತೆ.

ಹೊಗೆ ಕೊಡುವ ವಸ್ತು ಸಿಗದೆ ಸೂತ್ರ ಬದಲಿಸಿದ್ದರೆ, ಅಥವಾ ಸಿಹಿಯಾದದ್ದು ಜಾಸ್ತಿ ಮಾರಾಟವಾಗುತ್ತದೆ ಅಂತ ಬದಲಿಸಿದ್ದರೆ, ಅದು ನಿಮ್ಮ ಇಷ್ಟ. ಒಂದು ಸಾಲು ಬರೆದು ತಿಳಿಸಿದ್ದರೆ ನಾನು ದೊಡ್ಡ ಬಾಟಲಿ ತರಿಸುತ್ತಲೇ ಇರಲಿಲ್ಲ. ಆ ಒಂದು ಸಾಲು ಉಳಿಸಲು ನನ್ನ ಸೋಪು, ವಯಸ್ಸು, ಮನೆತನ ಎಲ್ಲ ವಿಚಾರಣೆ ಮಾಡಿದಿರಿ.

ಇನ್ನು ಮುಂದಿನದು. ಸ್ಯಾಂಪಲ್ ಇನ್ನೂ ಅರ್ಧ ಇದೆ. ಅದನ್ನೂ ಬಾಟಲಿಯನ್ನೂ ಗ್ಯಾಸ್ ಕ್ರೊಮ್ಯಾಟೋಗ್ರಫಿ ಮಾಡುವ ಲ್ಯಾಬ್‌ಗೆ ಕೊಡುತ್ತಿದ್ದೇನೆ. ಒಂದೊಂದು ಹನಿ ಸಾಕು, ಒಳಗೆ ಏನೇನಿದೆ ಅಂತ ಬೇರೆ ಬೇರೆ ಮಾಡಿ ತೋರಿಸುತ್ತದೆ. ಆ ಯಂತ್ರಕ್ಕೆ ನೆಗಡಿ ಬರುವುದಿಲ್ಲ, ಅದು ಯಾವ ಟೀ ಕುಡಿಯುತ್ತದೆ ಅಂತ ಕೇಳುವ ಹಾಗೂ ಇಲ್ಲ. ವರದಿ ಬಂದ ದಿನವೇ ಎರಡೂ ಪಟ್ಟಿಗಳ ಫೋಟೋ ಜೊತೆ ಸೇರಿಸಿ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತೇನೆ. ಗ್ರಾಹಕ ನ್ಯಾಯಾಲಯಕ್ಕೂ ಅದೇ ಕಡತ ಹೋಗುತ್ತದೆ. ಇದೇ ಬ್ಯಾಚ್ ಕೊಂಡು ತಮ್ಮ ಮೂಗನ್ನೇ ಬೈದುಕೊಳ್ಳುತ್ತಿರುವವರು ಇನ್ನೂ ಇರಬೇಕು. ಅವರಿಗೂ ಗೊತ್ತಾಗಲಿ.

ಹಣ ವಾಪಸ್ ಕೊಡುತ್ತೇವೆ ಅಂತ ಈಗ ಫೋನ್ ಮಾಡಬೇಡಿ. ಅದರ ಅವಧಿ ದಾಟಿದೆ. ಆ ವಿಡಿಯೋ ಕರೆಯನ್ನು "ತರಬೇತಿಯ ಉದ್ದೇಶಕ್ಕಾಗಿ" ರೆಕಾರ್ಡ್ ಮಾಡಿ ನನಗೂ ಒಂದು ಪ್ರತಿ ಕಳಿಸಿದ್ದೀರಿ, ನೆನಪಿದೆ ತಾನೇ? ಕಾಫಿ ಡಬ್ಬಿಯ ಭಾಗ ಸಹಿತ ಪೂರ್ತಿ ಇದೆ. ನ್ಯಾಯಾಲಯದವರೂ ತರಬೇತಿ ಪಡೆಯಲಿ.

ಇಂತಿ,
ತೃಪ್ತಿಯಾಗದ ಗ್ರಾಹಕಿ

ಲಗತ್ತು: ಸ್ಯಾಂಪಲ್ ಕಾರ್ಡ್ ಮತ್ತು ಡಬ್ಬಿಯ ಫೋಟೋಗಳು, ಎರಡೂ ಬ್ಯಾಚ್ ನಂಬರ್‌ಗಳು, ಬಳಸದ ಕೂಪನ್