ಶನಿವಾರದ ಓಪನ್ ಮೈಕ್: ಹೆಸರು ಕೊಡಿ

ಎಲ್ಲರಿಗೂ ನಮಸ್ಕಾರ. ಈ ಶನಿವಾರ ಸಂಜೆ 6ಕ್ಕೆ, ಎಂದಿನ ಜಾಗದಲ್ಲೇ, ನಮ್ಮ ಸ್ಟ್ಯಾಂಡಪ್ ಓಪನ್ ಮೈಕ್, ಅಂದರೆ ಹೆಸರು ಕೊಟ್ಟವರು ಒಬ್ಬೊಬ್ಬರಾಗಿ ಮೈಕ್ ಮುಂದೆ ನಿಂತು ಜೋಕು ಹೇಳಿ ನಗಿಸುವುದು. ಒಬ್ಬರಿಗೆ 5 ನಿಮಿಷ, ಒಟ್ಟು 10 ಜನಕ್ಕೆ ಅವಕಾಶ. 4 ನಿಮಿಷಕ್ಕೆ ಹಿಂದಿನ ಸಾಲಿನಿಂದ ಮೊಬೈಲ್ ಟಾರ್ಚ್ ಹೊತ್ತುತ್ತದೆ. ಅದು ಕಂಡ ಮೇಲೆ ಹೊಸ ಜೋಕು ಎತ್ತಬೇಡಿ, ಹಿಡಿದದ್ದನ್ನು ಮುಗಿಸಿ ಇಳಿಯಿರಿ. ಹೋದ ಸಲ ‘ಇದೊಂದೇ’ ಅಂದವರು ಮತ್ತೆ 7 ನಿಮಿಷ ನಿಂತಿದ್ದರು. (ನಾನೇ. ಕ್ಷಮಿಸಿ.)

ಪ್ರತಿ ಸೆಟ್ (ಒಬ್ಬರು ಹೇಳುವ ಜೋಕುಗಳ ಸರಣಿ) ಆದಮೇಲೆ 3 ನಿಮಿಷ ಫೀಡ್‌ಬ್ಯಾಕ್. ‘ಸೂಪರ್ ಗುರು’ ಅಂದರೆ ಯಾರಿಗೂ ಉಪಯೋಗವಿಲ್ಲ. ಎಲ್ಲಿ ನಗು ಬಂತು, ಎಲ್ಲಿ ಪೀಠಿಕೆ ಎಳೆಯಿತು ಅಂತ ಬಿಡಿಸಿ ಹೇಳಿ. ನಮ್ಮಲ್ಲಿ ಹೆಚ್ಚಿನವರದು ಒಂದೇ ತಪ್ಪು: ಪಂಚ್ (ನಗಿಸುವ ಕೊನೆಯ ಮಾತು) ಬಿದ್ದು ನಗು ಏಳುವ ಹೊತ್ತಿಗೆ ‘ಅಂತ ಅಂದ ಕಣ್ರೀ’ ಸೇರಿಸಿ ನಾವೇ ಅದನ್ನು ತುಳಿದುಬಿಡುತ್ತೇವೆ. ಅದನ್ನು ಗಮನಿಸಿ. ಹೇಳಿಸಿಕೊಳ್ಳುವವರು ವಾದ ಮಾಡದೆ ಬರೆದುಕೊಳ್ಳಿ.

ನಿಮ್ಮ ಸೆಟ್ಟಿನ ಆಡಿಯೊ ನೀವೇ ರೆಕಾರ್ಡ್ ಮಾಡಿಕೊಳ್ಳಿ. ಬೇರೆಯವರದನ್ನು ಅವರ ಒಪ್ಪಿಗೆ ಕೇಳದೆ ಮಾಡಬೇಡಿ, ಅರೆಬೆಂದ ಜೋಕು ಹೊರಗೆ ಹೋಗುವುದು ಬೇಡ.

ಬರುವವರು ಗುರುವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ಬರೀ ಕೇಳಲು ಬರುವವರೂ ತಿಳಿಸಿ, ಕುರ್ಚಿ ಹಾಕಿಸಬೇಕು. ಯಾರ ನಂತರ ಯಾರು ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸುತ್ತೇವೆ. ಆದರೆ ಚೀಟಿಯಿಲ್ಲದೆ ಮೊದಲನೆಯವರಾಗಲು ತಯಾರಿದ್ದವರಿದ್ದರೆ ದಯವಿಟ್ಟು ಈಗಲೇ ಕೈ ಎತ್ತಿ!