ಬೇಡ ಎಂದರೆ ಬೇಡವೇ?

ಕಾರ್ಕ್, ಐರ್ಲೆಂಡ್, ಭಾನುವಾರ

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಇಂಗ್ಲೆಂಡಿನ ಲೀಡ್ಸಿನಲ್ಲಿ ಮನೆಯೊಡತಿಯನ್ನು ನೀನು ‘ಹಾಟ್ ಪ್ರೆಸ್ ಎಲ್ಲಿದೆ’ ಎಂದು ಕೇಳಿದ್ದು, ಅವರು ಇಸ್ತ್ರಿಪೆಟ್ಟಿಗೆ ತಂದುಕೊಟ್ಟದ್ದು ಓದಿ ನಿನ್ನ ಅಪ್ಪ ಇನ್ನೂ ನಗುತ್ತಿದ್ದಾರೆ. ಬಿಸಿನೀರಿನ ಟ್ಯಾಂಕಿರುವ, ಬಟ್ಟೆ ಬೆಚ್ಚಗಿಡುವ ಆ ಕಪಾಟನ್ನು ಅಲ್ಲಿ ‘ಏರಿಂಗ್ ಕಬೋರ್ಡ್’ ಎನ್ನುತ್ತಾರೆ. ಐರ್ಲೆಂಡಿನಲ್ಲಿ ಹುಟ್ಟಿ ಬೆಳೆದ ನಿನಗೆ ಕಪಾಟೆಲ್ಲ ‘ಪ್ರೆಸ್’ಗಳೇ. ಅದಿರಲಿ, ನಾಲ್ಕು ದಿನದಲ್ಲಿ ರೂಢಿಯಾಗುತ್ತದೆ.

ಚಹಾದ ವಿಷಯ ಹಾಗಲ್ಲ. ಕಚೇರಿಯಲ್ಲಿ ಯಾರೋ ಚಹಾ ಬೇಕೇ ಎಂದರು, ಬೇಡ ಎಂದೆ, ಅವರು ತಮಗಷ್ಟೇ ಮಾಡಿಕೊಂಡು ಹೋದರು ಎಂದು ಸಿಟ್ಟಿನಿಂದ ಬರೆದಿದ್ದೀಯಲ್ಲ, ನನಗೂ ಅದೇ ಆಗಿತ್ತು. ಕಾರ್ಕಿಗೆ ಬರುವ ಮುಂಚೆ ಕೆಲವು ತಿಂಗಳು ನಾವೂ ಇಂಗ್ಲೆಂಡಿನಲ್ಲೇ, ಲೆಸ್ಟರಿನಲ್ಲಿದ್ದೆವು. ಅಪ್ಪನ ಸಹೋದ್ಯೋಗಿಯೊಬ್ಬರ ಮನೆಗೆ ಹೋದಾಗ ಆಕೆ ಕೆಟಲ್ ಹಿಡಿದುಕೊಂಡೇ ಕೇಳಿದರು. ತೀರ್ಥಹಳ್ಳಿಯ ಸಂಕೋಚದಲ್ಲಿ ‘ಅಯ್ಯೋ, ಬೇಡ’ ಎಂದೆ. ‘ಸರಿ’ ಎಂದು ಕೆಟಲನ್ನು ಅದರ ಜಾಗದಲ್ಲಿಟ್ಟು ಬಂದು ಕುಳಿತರು. ಎರಡು ಗಂಟೆ ನಾನು ಆ ಕೆಟಲನ್ನೇ ನೋಡುತ್ತಿದ್ದೆ. ಅದು ಒರಟುತನವಲ್ಲ ಪುಟ್ಟಿ. ನಾವು ಆಡಿದ ಮಾತನ್ನು ನಂಬುವುದೇ ಅವರ ಮರ್ಯಾದೆ. ಮತ್ತೆ ಮತ್ತೆ ಕೇಳಿದರೆ ಪೀಡಿಸಿದಂತೆ ಎಂದುಕೊಳ್ಳುತ್ತಾರೆ.

ಕಾರ್ಕಿಗೆ ಬಂದ ವಾರವೇ ಪಕ್ಕದ ಮನೆಯ ಅಜ್ಜಿ ಚಹಾಕ್ಕೆ ಕರೆದರು. ಬೇಡ ಎಂದೆ. ‘ಒಂದು ಗುಟುಕು?’ ಬೇಡ. ‘ಹೇಗೂ ನನಗೆ ಮಾಡುತ್ತಿದ್ದೇನೆ.’ ಮೂರನೆಯ ಬೇಡ ಬಾಯಿಂದ ಹೊರಡುವ ಮೊದಲೇ ಕಪ್ಪು ಕೈಯಲ್ಲಿತ್ತು, ಪಕ್ಕದಲ್ಲಿ ಬೆಣ್ಣೆ ಬಳಿದ ಸೋಡಾ ಬ್ರೆಡ್ಡು. ಹಾಲು ಸ್ವಲ್ಪ ಹೆಚ್ಚಾಗಿತ್ತು. ಆದರೂ ಅಂಥ ಚಹಾ ನಾನು ಮತ್ತೆ ಕುಡಿದಿಲ್ಲ.

ನೀನು ಶಾಲೆಯಲ್ಲಿ ಐರಿಷ್ ಕಲಿತವಳು, ನಿನಗೇ ಗೊತ್ತು: ಆ ಭಾಷೆಯಲ್ಲಿ ‘ಹೌದು’, ‘ಇಲ್ಲ’ ಎನ್ನಲು ಬಿಡಿಪದಗಳೇ ಇಲ್ಲ, ಕೇಳಿದ ಕ್ರಿಯಾಪದವನ್ನೇ ಮರಳಿಸಬೇಕು. ಇಂಗ್ಲಿಷ್ ಆಡುವಾಗಲೂ ಇಲ್ಲಿಯವರಿಗೆ ಆ ಜಾಯಮಾನ ಬಿಟ್ಟಿಲ್ಲ. ‘ಬರುತ್ತೀಯಾ?’ ‘ಬರುತ್ತೇನೆ.’ ‘ಊಟವಾಯಿತೇ?’ ‘ಆಯಿತು.’ ನಮ್ಮ ಮನೆಯ ಮಾತೂ ಹೀಗೆಯೇ ತಾನೇ? ಬರೀ ‘ಹೌದು’, ‘ಇಲ್ಲ’ ಎಂದು ಮುಗಿಸುವುದು ಇಬ್ಬರಿಗೂ ಒಗ್ಗದು. ಫೋನಿಡುವಾಗ ಇವರು ಉಸಿರು ಬಿಡದೆ ಹೇಳುವ ‘ಬೈ ಬೈ ಬೈ ಬೈ’ ಕೇಳಿದಾಗಲೆಲ್ಲ ನಿನ್ನಜ್ಜಿಯ ‘ಇಡಲಾ? ಸರಿ, ಇಡು. ಇಡುತ್ತೇನೆ’ ನೆನಪಾಗುತ್ತದೆ.

ಇನ್ನು ನೀನು ಕೇಳಿದ್ದಕ್ಕೆ ಬರುತ್ತೇನೆ. ಜೊತೆಯಲ್ಲಿ ಕೆಲಸ ಮಾಡುವ ಹುಡುಗಿಯ ತಂದೆ ತೀರಿಕೊಂಡಿದ್ದಾರೆ, ಅಂತ್ಯಕ್ರಿಯೆ ಎರಡೂವರೆ ವಾರ ಕಳೆದು, ಹೋಗಬೇಕೇ? ಇಲ್ಲಿಯಾಗಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಸ್ಥಳೀಯ ರೇಡಿಯೋದಲ್ಲಿ ಸಾವಿನ ಸುದ್ದಿ ಓದುತ್ತಾರೆ, ಎರಡು ಮೂರು ದಿನದಲ್ಲಿ ಮಣ್ಣು, ಅಷ್ಟರೊಳಗೆ ಊರಿಗೆ ಊರೇ ಬಂದು ಹೋಗುತ್ತದೆ. ಆ ಅಜ್ಜಿಯ ಯಜಮಾನರು ಹೋದಾಗ ನಿನಗೆ ಏಳು ವರ್ಷ, ನನ್ನ ಕೋಟು ಹಿಡಿದು ನಿಂತಿದ್ದೆ. ಮುಂದಿನ ಕೋಣೆಯಲ್ಲಿ ತೆರೆದ ಶವಪೆಟ್ಟಿಗೆ, ಅವರ ಬೆರಳಿಗೆ ಸುತ್ತಿದ್ದ ಜಪಮಾಲೆ. ಕೈ ಹಿಡಿದು ಒಂದು ಮಾತು ಹೇಳಿದರೆ ಸಾಕು, ಎಲ್ಲರೂ ಹೇಳುವುದು ಅದೇ ಮಾತು. ನಮ್ಮ ಕಡೆ ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಇಲ್ಲಿ ಕೆಟಲ್ ಆರುವುದೇ ಇಲ್ಲ. ಸಿಂಕಿನ ಮುಂದೆ ನಿಂತು ನಾನೂ ಕಪ್ಪು ತೊಳೆದೆ. ಯಾರೂ ಕರೆದಿರಲಿಲ್ಲ, ಯಾಕೆ ಬಂದೆ ಎಂದು ಯಾರೂ ನೋಡಲಿಲ್ಲ.

ಅಲ್ಲಿ ಹಾಗೆ ನುಗ್ಗಬೇಡ. ಎರಡು ಮೂರು ವಾರ ಕಾಯುವುದು ಅವರಲ್ಲಿ ಸಾಮಾನ್ಯ, ಬರುವವರೂ ಹೆಚ್ಚಾಗಿ ಹತ್ತಿರದವರೇ. ಅಷ್ಟು ದಿನ ದುಃಖವನ್ನು ಬಾಗಿಲು ಹಾಕಿಕೊಂಡು ಹೇಗೆ ಸಹಿಸುತ್ತಾರೋ ನನಗಂತೂ ತಿಳಿಯದು. ಈಗಲೇ ಎರಡು ಸಾಲು ಬರೆದು ಒಂದು ಕಾರ್ಡು ಕೊಡು, ಬರಲೇ ಎಂದು ಕೇಳು. ಬೇಡ ಎಂದರೆ ಆ ‘ಬೇಡ’ವನ್ನು ಲೆಸ್ಟರಿನಾಕೆಯಂತೆ ನಂಬು.

ಬ್ಯಾರೀಸ್ ಚಹಾ ಕಳಿಸುತ್ತಿದ್ದೇನೆ. 1901ರಿಂದ ಇರುವ ನಮ್ಮ ಕಾರ್ಕಿನ ಚಹಾ, ಅಲ್ಲಿಯ ನೀರಲ್ಲಿ ಹೇಗಾಗುತ್ತದೋ ತಿಳಿಸು. ಜೊತೆಗೆ ಸಾರಿನ ಪುಡಿ. 2021ರಿಂದ ಇಂಗ್ಲೆಂಡಿಗೆ ಪಾರ್ಸೆಲ್ ಎಂದರೆ ಕಸ್ಟಮ್ಸ್ ವಿವರ ಕೊಡಬೇಕಲ್ಲ, ಸಾರಿನ ಪುಡಿಯನ್ನು ಇಂಗ್ಲಿಷಿನಲ್ಲಿ ಏನೆಂದು ಬರೆಯುವುದು ಎಂದು ಅಪ್ಪ ಅರ್ಧ ಗಂಟೆಯಿಂದ ಪೆನ್ನು ಹಿಡಿದು ಕುಳಿತಿದ್ದಾರೆ.

ಇಡಲಾ? ಇಡುತ್ತೇನೆ.

ನಿನ್ನ ಅಮ್ಮ