ಕಾಯ್ದೆ ಹೇಳಿದ ಅಂಗವಿಕಲರ ಪಟ್ಟಿ ಎಲ್ಲಿದೆ?

ಮಾನ್ಯ ಸಂಪಾದಕರೇ,

ನಮ್ಮೂರಲ್ಲಿ ಡೆಂಗಿ ಜಾಸ್ತಿಯಾದಾಗಲೆಲ್ಲ ಪಂಚಾಯಿತಿಯ ಕಸದ ಆಟೊ ಮೈಕ್ ಕಟ್ಟಿಕೊಂಡು ಬೀದಿ ಬೀದಿ ಸುತ್ತುತ್ತದೆ. ಡ್ರಮ್ಮಿನ ನೀರು ಚೆಲ್ಲಿ, ತೊಟ್ಟಿ ಮುಚ್ಚಿಡಿ, ಜ್ವರ ಬಂದರೆ ಆಸ್ಪತ್ರೆಗೆ ಹೋಗಿ ಎಂದು ಕೂಗುತ್ತದೆ. ಒಳ್ಳೆಯ ಕೆಲಸ. ಆದರೆ ನನ್ನ ತಮ್ಮ ಜಗುಲಿ ಮೇಲೇ ಕೂತಿದ್ದರೂ ಅವನಿಗೆ ಏನೂ ತಿಳಿಯುವುದಿಲ್ಲ. ಹುಟ್ಟಿನಿಂದಲೇ ಅವನಿಗೆ ಕಿವಿ ಕೇಳಿಸುವುದಿಲ್ಲ. ಎದುರುಮನೆಯವರು ಡ್ರಮ್ ಬಗ್ಗಿಸುವುದನ್ನು ನೋಡಿ, ಏನಾಯಿತು ಎಂದು ನನ್ನತ್ತ ತಿರುಗಿ ಕೈಯಾಡಿಸುತ್ತಾನೆ. ನಾನು ಮನೆಯಲ್ಲಿದ್ದರೆ ಹೇಳುತ್ತೇನೆ. ಇಲ್ಲದಿದ್ದರೆ ಇಲ್ಲ.

ಆ ಆಟೊ ಕಂಡಾಗೆಲ್ಲ ನನಗೆ 2021ರ ಮೇ ತಿಂಗಳು ನೆನಪಾಗುತ್ತದೆ. ತಮ್ಮನಿಗೆ ಕೋವಿಡ್ ಬಂದಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಜೊತೆಗೆ ಯಾರೂ ಇರುವಂತಿಲ್ಲ ಎಂದರು. ಅವನಿಗೆ ಕೇಳಿಸುವುದಿಲ್ಲ, ನಾನು ಪಕ್ಕದಲ್ಲಿರಬೇಕು ಎಂದು ಬೇಡಿಕೊಂಡೆ. ನಿಯಮ ಅಂದರೆ ನಿಯಮ ಎಂದರು. ತಮ್ಮ ತುಟಿ ನೋಡಿ ಮಾತು ತಿಳಿಯುವವನು. ಒಳಗೆ ಎಲ್ಲರ ಬಾಯಿಗೂ ಮಾಸ್ಕ್, ಮೈತುಂಬ ಪಿಪಿಇ ಕಿಟ್. ಬೋರಲು ಮಲಗು ಅಂದರೆ ಅವನಿಗೆ ಹೇಗೆ ತಿಳಿಯಬೇಕು? ಊಟಕ್ಕೆ ಹೆಸರು ಕೂಗಿದರೆ ಹೇಗೆ ಎದ್ದು ಹೋಗಬೇಕು? ಎರಡು ಹೊತ್ತು ಊಟ ತಪ್ಪಿತು. ಮೂಗಿಗೆ ಹಾಕಿದ ಆಕ್ಸಿಜನ್ ಕೊಳವೆ ಯಾಕೆಂದು ತಿಳಿಯದೆ ಕಿತ್ತು ಹಾಕಿದ್ದ. ಅವನ ಚೀಟಿಯಲ್ಲಿ ‘ರೋಗಿ ಸಹಕರಿಸುತ್ತಿಲ್ಲ’ ಎಂದು ಬರೆದಿದ್ದರು.

ಮೂರನೇ ದಿನ ರಾತ್ರಿ ಪಾಳಿಗೆ ಬಂದ ಒಬ್ಬ ನರ್ಸ್‌ಗೆ ವಿಷಯ ಹೊಳೆಯಿತು. ಮಾತ್ರೆಯ ರಟ್ಟಿನ ಡಬ್ಬ ಹರಿದು, ಸ್ಕೆಚ್ ಪೆನ್ನಿನಲ್ಲಿ ‘ಬೋರಲು ಮಲಗು’, ‘ಊಟ’, ‘ನೋವಿದೆಯಾ?’ ಎಂದು ದಪ್ಪ ಅಕ್ಷರದಲ್ಲಿ ಬರೆದು ತೋರಿಸಿದರು. ತಮ್ಮ ಏಳನೇ ಕ್ಲಾಸಿನವರೆಗೆ ಓದಿದ್ದಾನೆ, ಅಷ್ಟು ಓದಬಲ್ಲ. ಆಮೇಲೆ ಅವರೇ ನನಗೆ ವಿಡಿಯೊ ಕಾಲ್ ಮಾಡಿಸಿದರು. ಅವತ್ತಿನಿಂದ ಅವನು ಹೇಳಿದಂತೆ ಕೇಳಿದ, ಹುಷಾರಾಗಿ ಮನೆಗೆ ಬಂದ. ಆ ರಟ್ಟಿನ ತುಂಡು ಇನ್ನೂ ನಮ್ಮ ಮನೆಯಲ್ಲಿದೆ. ಆ ತಾಯಿಗೆ ನಾನು ಸಾಯುವವರೆಗೂ ಋಣಿ. ಆದರೆ ಒಬ್ಬ ಪೇಷೆಂಟಿನ ಜೀವ ಯಾವ ಪಾಳಿಯಲ್ಲಿ ಯಾರು ಬರುತ್ತಾರೆ ಎನ್ನುವುದರ ಮೇಲೆ ನಿಲ್ಲಬಾರದು, ಅಲ್ವಾ?

ಅಲ್ಲಿಯವರನ್ನು ದೂರಲು ಈ ಪತ್ರ ಬರೆಯುತ್ತಿಲ್ಲ. ಅವರೆಲ್ಲ ನಿದ್ದೆಯಿಲ್ಲದೆ ದುಡಿಯುತ್ತಿದ್ದರು. ಇಂಥ ರೋಗಿ ಬರುತ್ತಾನೆ, ಹೀಗೆ ನೋಡಿಕೊಳ್ಳಿ ಎಂದು ಅವರಿಗೆ ಮೊದಲೇ ಯಾರೂ ಹೇಳಿರಲಿಲ್ಲ. ಹೇಳಬೇಕಾದ್ದು ಕಾಗದದ ಮೇಲೆ ಇತ್ತು. 2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್ ಶುರುವಾದ ವಾರದಲ್ಲೇ, ಕೇಂದ್ರ ಸರ್ಕಾರ ಅಂಗವಿಕಲರಿಗಾಗಿ ಮಾರ್ಗಸೂಚಿ ಹೊರಡಿಸಿತ್ತು. ಕೋವಿಡ್ ಮಾಹಿತಿ ಬ್ರೈಲ್‌ನಲ್ಲಿ, ಧ್ವನಿಯಲ್ಲಿ, ಸನ್ನೆ ಭಾಷೆಯಲ್ಲಿ ಸಿಗಬೇಕು, ನೋಡಿಕೊಳ್ಳುವವರಿಗೆ ಓಡಾಡಲು ಅಡ್ಡಿ ಮಾಡಬಾರದು ಎಂದು ಅದರಲ್ಲಿತ್ತು. ನನಗೆ ಇದು ತಿಳಿದದ್ದು ತಮ್ಮ ಮನೆಗೆ ಬಂದು ಎಷ್ಟೋ ತಿಂಗಳಾದ ಮೇಲೆ.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಲಾಕ್‌ಡೌನ್ ಮಾಡಿದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಅಡಿಯಲ್ಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೇ ಸೆಕ್ಷನ್ ಆ ವಿಪತ್ತು ಕಾಯ್ದೆಯ ಹೆಸರು ಹಿಡಿದು ಒಂದು ಕೆಲಸ ಹೇಳುತ್ತದೆ. ಪ್ರತಿ ಜಿಲ್ಲೆಯ ವಿಪತ್ತು ನಿರ್ವಹಣಾ ಪ್ರಾಧಿಕಾರ ತನ್ನ ಜಿಲ್ಲೆಯ ಅಂಗವಿಕಲರ ವಿವರ ಇಟ್ಟುಕೊಳ್ಳಬೇಕು, ಅಪಾಯ ಬಂದಾಗ ಅವರಿಗೆ ತಿಳಿಸುವ ಏರ್ಪಾಟು ಮಾಡಬೇಕು. ‘ಮಾಡಬಹುದು’ ಎಂದಲ್ಲ, ‘ಮಾಡಬೇಕು’ ಎಂದೇ ಇದೆ. ಈ ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಕೋವಿಡ್ ಬರುವ ಹೊತ್ತಿಗೆ ಸುಮಾರು ಮೂರು ವರ್ಷ ಕೈಯಲ್ಲಿತ್ತು.

ಪಟ್ಟಿ ಮಾಡುವುದು ನಮ್ಮ ರಾಜ್ಯಕ್ಕೆ ಕಷ್ಟವೂ ಅಲ್ಲ. ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ವಿಆರ್‌ಡಬ್ಲ್ಯು ಎಂದರೆ ಊರಿನವರಿಗೆ ಗೊತ್ತಾಗುತ್ತದೆ. ಇವರಲ್ಲಿ ಅನೇಕರು ತಾವೂ ಅಂಗವಿಕಲರು, ಸಣ್ಣ ಗೌರವಧನಕ್ಕೆ ದುಡಿಯುವವರು. ನಮ್ಮ ಪಂಚಾಯಿತಿಯ ಅಕ್ಕ ಮೂರು ಚಕ್ರದ ಸ್ಕೂಟರಿನಲ್ಲಿ ಹಳ್ಳಿ ಹಳ್ಳಿ ತಿರುಗುತ್ತಾರೆ. ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರಿಗೆ ಕಣ್ಣು ಕಾಣುವುದಿಲ್ಲ, ಯಾವ ಮಗುವಿಗೆ ಬುದ್ಧಿಮಾಂದ್ಯತೆ ಇದೆ, ಎಲ್ಲ ಅವರಿಗೆ ಬಾಯಿಪಾಠ. ಪುಸ್ತಕದಲ್ಲಿ ಬರೆದೂ ಇಟ್ಟಿದ್ದಾರೆ. ಕೋವಿಡ್ ಕಾಲದಲ್ಲಿ ನಮ್ಮ ಪಂಚಾಯಿತಿಯ ಕಾರ್ಯಪಡೆಯಲ್ಲಿ ಪಿಡಿಒ ಇದ್ದರು, ಆಶಾ ಕಾರ್ಯಕರ್ತೆಯರಿದ್ದರು, ಅಂಗನವಾಡಿಯವರಿದ್ದರು. ಈ ಅಕ್ಕನನ್ನು ಯಾರೂ ಕರೆಯಲಿಲ್ಲ. ಆ ಪುಸ್ತಕವನ್ನು ಯಾರೂ ಕೇಳಲಿಲ್ಲ.

ಕೇಳಿದ್ದರೆ ಏನಾಗುತ್ತಿತ್ತು? ನಮ್ಮ ಕೇರಿಯ ಕಣ್ಣು ಕಾಣದ ಹಿರಿಯರೊಬ್ಬರು ರೇಷನ್ ಅಂಗಡಿ ಮುಂದೆ ಅಂತರಕ್ಕೆಂದು ಬರೆದ ಸುಣ್ಣದ ವೃತ್ತ ದಾಟಿ ನಿಂತರೆಂದು ಎಲ್ಲರೆದುರು ಬೈಸಿಕೊಂಡರು. ಅವರಿಗೆ ವೃತ್ತ ಕಾಣುವುದು ಹೇಗೆ? ಅಂಥವರ ಮನೆಗೆ ರೇಷನ್ ಮುಟ್ಟಿಸಬಹುದಿತ್ತು. ಪಕ್ಕದೂರಿನ, ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ ಇರುವ ಹುಡುಗಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಬೇಕು. ಬಸ್ಸಿಲ್ಲ, ರಕ್ತದಾನ ಶಿಬಿರಗಳೂ ನಿಂತಿದ್ದವು. ಅವರಪ್ಪ ಬೈಕಿನಲ್ಲಿ ಕೂರಿಸಿಕೊಂಡು, ಪ್ರತಿ ಚೆಕ್‌ಪೋಸ್ಟಿನಲ್ಲೂ ಕೈಮುಗಿದು ಹೋಗುತ್ತಿದ್ದರು. ಥಲಸ್ಸೇಮಿಯಾ ಕೂಡ ಕಾಯ್ದೆಯ 21 ಬಗೆಯ ಅಂಗವಿಕಲತೆಯಲ್ಲಿ ಒಂದು. ಒಂದು ಪಾಸ್ ಸಾಕಿತ್ತು.

ಲಸಿಕೆಯ ಕಥೆಯೂ ಇದೇ. ದೇಶದಲ್ಲಿ ಲಸಿಕೆ ಶುರುವಾದದ್ದು 2021ರ ಜನವರಿ 16ಕ್ಕೆ. ಮನೆಗೆ ಹತ್ತಿರದ ಕೇಂದ್ರಗಳ ಏರ್ಪಾಟು ಬಂದದ್ದು ಮೇ ಕೊನೆಗೆ. ಮನೆಬಿಟ್ಟು ಬರಲಾಗದವರಿಗೆ ಮನೆಯಲ್ಲೇ ಕೊಡಿ ಎಂದು ಕೇಂದ್ರ ಹೇಳಿದ್ದು ಸೆಪ್ಟೆಂಬರ್‌ನಲ್ಲಿ. ಎರಡನೇ ಅಲೆ ಆಗಲೇ ಬಂದು ಹೋಗಿತ್ತು.

2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು. ಈಗ ಇನ್ನೂ ಜಾಸ್ತಿ ಇರಬೇಕು. ಇಷ್ಟು ಜನರ ವಿಷಯವನ್ನು ಕಾಯಿಲೆ ಬಂದ ಮೇಲೆ ನೋಡಿದರಾಯಿತು ಎನ್ನುವುದು ಸರಿಯಲ್ಲ.

ನಾನು ಕೇಳುವುದು ಇಷ್ಟೇ. ವಿಆರ್‌ಡಬ್ಲ್ಯುಗಳ ಪುಸ್ತಕ ಜಿಲ್ಲಾಧಿಕಾರಿಗಳ ಕಚೇರಿಗೂ ತಾಲ್ಲೂಕು ಆರೋಗ್ಯಾಧಿಕಾರಿಗೂ ತಲುಪಲಿ. ಒಪ್ಪಿಗೆ ಪಡೆದೇ ವಿವರ ಸೇರಿಸಲಿ, ಊರಿಗೆಲ್ಲ ಸಾರುವುದು ಬೇಡ. ವರ್ಷಕ್ಕೊಮ್ಮೆ ತಿದ್ದಲಿ. ರೋಗ ಹರಡಿದಾಗ ವಿಆರ್‌ಡಬ್ಲ್ಯು ಕಾರ್ಯಪಡೆಯಲ್ಲಿರಲಿ, ಅವರಿಗೆ ಅದಕ್ಕೆ ಹಣವನ್ನೂ ಕೊಡಲಿ. ಸಹಾಯವಾಣಿಗೆ ಫೋನ್ ಮಾಡಲಾಗದವರು ಮೆಸೇಜ್ ಕಳಿಸುವಂತಿರಲಿ. ಅಂಗವಿಕಲ ರೋಗಿಯ ಜೊತೆ ಒಬ್ಬರು ಇರಬಹುದು ಎಂಬ ಆದೇಶ ಈಗಲೇ ಆಗಲಿ. ಆಸ್ಪತ್ರೆಗಳ ಪ್ರತಿ ವಾರ್ಡಿನಲ್ಲಿ ಚಿತ್ರ ಮತ್ತು ದೊಡ್ಡ ಅಕ್ಷರ ಇರುವ ಕಾರ್ಡುಗಳ ಒಂದು ಕಟ್ಟು ಇರಲಿ. ಆ ನರ್ಸ್ ರಟ್ಟಿನಲ್ಲಿ ಮಾಡಿದ್ದನ್ನೇ ಅಚ್ಚು ಹಾಕಿಸಿದರೂ ಆಯಿತು.

ಜಿಲ್ಲಾಧಿಕಾರಿಗಳಿಗೆ ಅರ್ಜಿ ಬರೆದಿದ್ದೇನೆ. 8ನೇ ಸೆಕ್ಷನ್ ಪ್ರಕಾರ ನಮ್ಮ ಜಿಲ್ಲೆಯ ಪಟ್ಟಿ ತಯಾರಾಗಿದೆಯೇ, ಅದರಲ್ಲಿ ನನ್ನ ತಮ್ಮನ ಹೆಸರಿದೆಯೇ ಎಂದು ಕೇಳಿದ್ದೇನೆ. ಮನೆಯಲ್ಲಿ ಅಂಗವಿಕಲರಿರುವ ಓದುಗರೂ ತಮ್ಮ ಜಿಲ್ಲೆಯಲ್ಲಿ ಇದನ್ನೇ ಕೇಳಲಿ. ಬರುವ ಗ್ರಾಮಸಭೆಯಲ್ಲೂ ಕೇಳುತ್ತೇನೆ. ತಮ್ಮ ತಾನೂ ಬರುತ್ತೇನೆ ಎಂದಿದ್ದಾನೆ, ಆ ರಟ್ಟಿನ ತುಂಡು ಹಿಡಿದುಕೊಂಡು.

– ಒಬ್ಬ ಅಕ್ಕ, ತುಮಕೂರು ಜಿಲ್ಲೆ